ಪದ ಎಣಿಸಬೇಡಿ, ಸಾಲು ಎಣಿಸಿ

'ಉದ್ಧರಣೆ 40 ಪದ ಮುಟ್ಟಿದರೆ ಬೇರೆ ಪ್ಯಾರಾ ಮಾಡಿ, ಕನ್ನಡಕ್ಕೂ ಇದೇ ನಿಯಮ' ಎಂದು ಪ್ರಬಂಧದಲ್ಲಿ ಉದ್ಧರಣೆ ಕೊಡುವ ಬಗ್ಗೆ ಇರುವ ಈ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಇಲ್ಲೇ ನನ್ನ ತಕರಾರು. ಅದು ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘ) ಬರವಣಿಗೆ ಶೈಲಿಯ ಲೆಕ್ಕ, ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ. ನಮ್ಮ 'ಹೋಗಬೇಕಾಗಿತ್ತಂತೆ' ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಬೇಕು. ಎಂಎಲ್ಎ (ಅಮೆರಿಕದ ಭಾಷಾ-ಸಾಹಿತ್ಯ ವಿದ್ವಾಂಸರ ಸಂಘ) ಶೈಲಿ ಹೇಳುವ ಹಾಗೆ ಸಾಲು ಎಣಿಸುವುದೇ ವಾಸಿ: ಗದ್ಯ ನಾಲ್ಕು ದಾಟಿದರೆ, ಪದ್ಯ ಮೂರು ದಾಟಿದರೆ ಬೇರೆ.

ಅದರಲ್ಲೂ ತೊಡಕಿದೆ ಅನ್ನಿ. ಮುಂಬೈಯಲ್ಲಿ ಎಂ.ಎ. ಪ್ರಬಂಧ ಬರೆಯುವಾಗ ನನ್ನ ತಲೆ ತಿಂದದ್ದು ವಚನಗಳು. ತಾಳೆಗರಿಯಲ್ಲಿ ಅವು ಸಾಲು ಒಡೆಯದೆ ಒಂದೇ ಸಮ ಇರುತ್ತವೆ. ಸಾಲು ಮಾಡಿದ್ದು ಸಂಪಾದಕರು. ಒಂದು ಪುಸ್ತಕದಲ್ಲಿ ಐದು ಸಾಲು, ಇನ್ನೊಂದರಲ್ಲಿ ಎಂಟು. ಯಾವುದನ್ನು ಎಣಿಸುವುದು? ಸುಮ್ನೆ ಎಲ್ಲ ವಚನವನ್ನೂ ಅರ್ಧ ಇಂಚು ಒಳಗೆ ತಳ್ಳಿದೆ, ಆಕರ ಪುಸ್ತಕದ ಸಾಲು ಹಾಗೇ ಇಟ್ಟೆ. ಕುರ್ಲಾದ ಡಿಟಿಪಿಯವರು, ಪಾಪ, 'ಕೊಟೇಶನ್ ಬಿಟ್ಟುಹೋಗಿದೆ' ಅಂತ ಎಲ್ಲದಕ್ಕೂ ಚಿಹ್ನೆ ಸೇರಿಸಿ ಕೊಟ್ಟರು! ಒಳಗೆ ತಳ್ಳಿದ ಮೇಲೆ ಚಿಹ್ನೆ ಬೇಡ ಅನ್ನುವುದನ್ನು ಈ ಲೇಖನವೂ ಹೇಳಿಲ್ಲ, ಅಲ್ವಾ? 62 ಪುಟ, ಒಂದೊಂದಾಗಿ ಕೂತು ತೆಗೆದಿದ್ದೇನೆ.