ಹಿಮರಾಣಿಗೆ ಆಟಿಯಲ್ಲಿ ಬಂದ ಗಡ್ಡ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಹೊಸ ಮನೆಯ ಮಕ್ಕಳ ಕೋಣೆ ನೋಡಿ ಈಗಷ್ಟೇ ಬಂದೆ. ಮೇ ತಿಂಗಳಲ್ಲಿ ಮನೆಒಕ್ಕಲು ಆದ ಮನೆ. ಪಡುವಣ ಗೋಡೆಯಿಡೀ ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನ ವಾಲ್‌ಪೇಪರ್, ಅದರಲ್ಲಿ ಹಿಮದ ಅರಮನೆ, ನೀಲಿ ಅಂಗಿಯ ರಾಣಿ. ಈಗ ಆಟಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು. ರಾಣಿಗೆ ಬೂಷ್ಟಿನ ಕರಿ ಗಡ್ಡ ಬಂದಿದೆ, ಅರಮನೆ ಮೂಲೆಯಿಂದ ಸುರುಳಿ ಸುತ್ತಿಕೊಳ್ಳುತ್ತಿದೆ. ಅಂಟಿಸಿದವರು "ಏನೂ ಆಗ್ಲಿಕ್ಕಿಲ್ಲ, ವಾಷೆಬಲ್" ಅಂದಿದ್ದರಂತೆ. ಹೌದು ಮಾರಾಯ್ರೆ, ಹಿಂದಿನಿಂದ ಮಳೆಯೇ ತೊಳೀತಾ ಉಂಟಲ್ಲ!

ನನ್ನ ಹಳೇ ರಗಳೆ ಇದೇ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಊರು, ಗೋಡೆ ಮುರಕಲ್ಲಿನದ್ದು, ಅಂದರೆ ಜಂಬಿಟ್ಟಿಗೆಯದ್ದು. ಮುರಕಲ್ಲಿನ ಮೈತುಂಬ ತೂತು. ಹೊರಗಿನ ಸಾರಣೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಗಾಳಿ ಸಮೇತ ಬಡಿಯುವ ಮಳೆಗೆ ಕಲ್ಲು ನೀರು ಕುಡಿಯುತ್ತದೆ. ಬರೀ ಎಮಲ್ಷನ್ ಬಣ್ಣ ಬಳಿದ ಗೋಡೆಯಾದರೆ ಆ ಪಸೆ ಸ್ವಲ್ಪಸ್ವಲ್ಪವಾಗಿ ಒಳಗೆ ಆರಿಹೋಗುತ್ತದೆ. ವಿನೈಲ್ ಅಂದರೆ ಗೋಡೆಗೆ ರೈನ್‌ಕೋಟ್ ಹಾಕಿದ ಹಾಗೆ, ಅದೂ ಒಳಬದಿಗೆ! ನೀರು ಹಾಳೆಯ ಹಿಂದೆ ನಿಲ್ಲುತ್ತದೆ. ಅಂಟಿನಲ್ಲಿರುವುದು ಹೆಚ್ಚಾಗಿ ಗಂಜಿ. ಬೂಷ್ಟಿಗೆ ನೀರೂ ಆಯಿತು, ಊಟವೂ ಆಯಿತು. ಆ ಗೋಡೆಗೆ ತಾಗಿಸಿ ಮಗುವಿನ ಮಂಚ. ದಮ್ಮು, ಉಬ್ಬಸ ಇರುವ ಮಗುವಾದರೆ ಕೇಳುವುದೇ ಬೇಡ, ಬೂಷ್ಟಿನ ಗಾಳಿ ಅದನ್ನು ಹೆಚ್ಚು ಮಾಡುತ್ತದೆ.

ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಬಹುದಿತ್ತು. ಖರ್ಚು ಹತ್ತು ರೂಪಾಯಿಯೂ ಇಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಮಳೆಗಾಲದಲ್ಲಿ ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ನೀರು ಗೋಡೆಯದ್ದು. ಹೊರಮೈಯಲ್ಲಿ ಮಾತ್ರ ಪಸೆಯಾದರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಹೋದೀತು. ಆದರೆ ಮೇ ತಿಂಗಳಲ್ಲಿ ಪರೀಕ್ಷೆ ಮಾಡಿ "ಗೋಡೆ ಒಣಗಿದೆ" ಅನ್ನುವವರಿಗೆ ನನ್ನ ನಮಸ್ಕಾರ. ಮೇಯಲ್ಲಿ ನಮ್ಮ ಕೆರೆಯೂ ಒಣಗಿರುತ್ತದೆ.

"ಮಕ್ಕಳ ಖುಷಿ ಅಲ್ವಾ, ಎಲ್ಲದಕ್ಕೂ ಹೀಗೆ ಮಾತಾಡಿದರೆ ಹೇಗೆ?" ಅಂತ ಕೇಳುವವರಿದ್ದಾರೆ. ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಮೊಬೈಲಿನಲ್ಲಿದ್ದ ಮೇ ತಿಂಗಳ ಫೋಟೊ ನೋಡಿ ನನ್ನ ಬಾಯಿಂದಲೂ "ಅಬ್ಬಾ" ಬಂತು. ಆದರೆ ಆರು ವರ್ಷಕ್ಕೆ ಬೇಕಾದ ರಾಣಿ ಎಂಟಕ್ಕೆ ನಾಚಿಕೆಯಾಗುತ್ತಾಳೆ. ಆ ಖುಷಿಗೆ ಗೋಡೆಯೇ ಯಾಕೆ? ನಾಲ್ಕಡಿಗೆ ಮೂರಡಿಯ, 12 ಮಿಲಿಮೀಟರ್ ಪ್ಲೈವುಡ್ ಹಲಗೆಗೆ ಚಿತ್ರ ಬರೆಸಿ, ಹಿಂದೆ ಒಂದಿಂಚಿನ ರೀಪು (ಮರದ ಪಟ್ಟಿ) ಹೊಡೆದು, ಮಳೆ ತಾಗದ ಒಳಗೋಡೆಗೆ ತೂಗುಹಾಕಿ. ಹಿಂದೆ ಗಾಳಿ ಆಡುತ್ತದೆ. ಬೇಜಾರು ಬಂದರೆ ಮೇಲೆ ಬೇರೆ ಚಿತ್ರ, ಬೇಕಿದ್ದರೆ ಯಕ್ಷಗಾನದ ಬಣ್ಣದ ವೇಷ. ಸ್ಕ್ರೂ ಮಾತ್ರ ನೋಡಿಕೊಂಡು ಹಾಕಿಸಿ. ಎರಡಿಂಚಿನ ಪ್ಲಗ್ ಸಾರಣೆ ದಾಟಿ ಮುರಕಲ್ಲಿನಲ್ಲಿ ಸರಿಯಾಗಿ ಕೂರುವ ಮೊದಲೇ ಮುಗಿದಿರುತ್ತದೆ, ಬಿಗಿದಷ್ಟೂ ಸುಮ್ಮನೆ ತಿರುಗುತ್ತದೆ. ನಾಲ್ಕಿಂಚಿನದ್ದು ಬೇಕು. ಕಪಾಟನ್ನು ಗೋಡೆಗೆ ಬಿಗಿಯುವಾಗಲೂ ಅಷ್ಟೇ. ಬಿಗಿಯದೆ ಬಿಡಬೇಡಿ, ಮಕ್ಕಳು ಖಾನೆ ಎಳೆದು ಮೆಟ್ಟಿಲು ಮಾಡಿ ಹತ್ತುತ್ತಾರೆ, ಕಪಾಟು ಮೈಮೇಲೆ ಬರುತ್ತದೆ.

ಹೌದು, ಕಪಾಟು. ಅದನ್ನೂ ಅದೇ ಪಡುವಣ ಗೋಡೆಗೇ ಒತ್ತಿಟ್ಟಿದ್ದಾರೆ! ಎಂಡಿಎಫ್ ಬೇರೆ, ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಬುಡ ಆಗಲೇ ರೊಟ್ಟಿಯ ಹಾಗೆ ಉಬ್ಬಿದೆ. ನಮ್ಮಲ್ಲಿಗೆ ಐಎಸ್ 710 ಮುದ್ರೆಯ, ನೀರು ತಡೆಯುವ ಮೆರೈನ್ ಪ್ಲೈವುಡ್ಡೇ ಆಗಬೇಕು, ಐಎಸ್ 303 ಮುದ್ರೆಯ ಸಾಮಾನ್ಯ ಪ್ಲೈವುಡ್ ಸಾಲದು. ನಾಲ್ಕಿಂಚಿನ ಕಾಲು, ಹಿಂದೆ ಎರಡಿಂಚು ಜಾಗ.

ಇನ್ನು ಎರಡಂತಸ್ತಿನ ಮಂಚ. ಯಾವ ಫೋಟೊ ನೋಡಿ ಅದನ್ನು ಮಾಡಿಸಿದರೋ ಆ ಫೋಟೊವನ್ನೂ ತೋರಿಸಿದರು. ಆ ಫೋಟೊದ ಕೋಣೆಯಲ್ಲಿ ಫ್ಯಾನೇ ಇಲ್ಲ! ನಮ್ಮ ತಾರಸಿ ಹತ್ತಡಿ. ನಕ್ಷತ್ರದ ದೀಪಕ್ಕೆಂದು ಫಾಲ್ಸ್ ಸೀಲಿಂಗ್ ಅರ್ಧ ಅಡಿ ತಿಂದಿದೆ, ಫ್ಯಾನಿನ ರೆಕ್ಕೆ ಎಂಟೂವರೆ ಅಡಿಗೆ ಇಳಿದಿದೆ. ಮೇಲಿನ ಹಾಸಿಗೆ ಐದಡಿ ಎತ್ತರದಲ್ಲಿ. ಮೂರೂಮುಕ್ಕಾಲು ಅಡಿಯ ಮಗು ಎದ್ದು ನಿಂತರೆ ತಲೆ ಎಲ್ಲಿಗೆ ಬಂತು, ಲೆಕ್ಕ ಹಾಕಿ. ಅಲ್ಲಿಗೆ ಗೋಡೆ ಫ್ಯಾನೇ ಸರಿ, ಮೇಲಿನ ಮಂಚದಿಂದ ಕೈಗೆಟುಕದ ಕಡೆ. ಆರು ತುಂಬದ ಮಗುವನ್ನು ಮೇಲೆ ಮಲಗಿಸುವುದೇ ಬೇಡ. ತಡೆಪಟ್ಟಿ ಹಾಸಿಗೆಯ ಮೇಲ್ಮೈಯಿಂದ ಕನಿಷ್ಠ ಐದಿಂಚು ಎದ್ದಿರಬೇಕು. ಇವರು ಎಂಟಿಂಚಿನ ದಪ್ಪ ಹಾಸಿಗೆ ತಂದು ಪಟ್ಟಿಯನ್ನೇ ಮುಳುಗಿಸಿದ್ದಾರೆ. ಮೇಲಕ್ಕೆ ನಾಲ್ಕಿಂಚಿನದ್ದು ಸಾಕು.

ಈಗ ಆ ಹಾಳೆ ಏನು ಮಾಡುವುದು ಅಂತ ಕೇಳಿದರು. ಮೊದಲು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಹಾಳೆಯನ್ನು ಒಣಗಿದ ಹಾಗೇ ಪರಚಬೇಡಿ, ಬೂಷ್ಟಿನ ಹುಡಿ ಮನೆಯಿಡೀ ಹಾರುತ್ತದೆ. ಮಾಸ್ಕ್ ಕಟ್ಟಿ, ಒದ್ದೆ ಮಾಡಿ ಎಳೆಯಿರಿ, ಸೋಪಿನ ನೀರಿನಲ್ಲಿ ಗೋಡೆಯ ಅಂಟು ಒರೆಸಿ. ಬಣ್ಣ ಈಗ ಬೇಡ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯೂ ಕಳೆದು ಗೋಡೆ ಒಣಗಿದ ಮೇಲೆ ಹೊರಗಿನ ಬಿರುಕು ತುಂಬಿಸಿ, ಹೊರಗೆ ವಾಟರ್‌ಪ್ರೂಫ್ ಕೋಟ್, ಆಮೇಲೆ ಒಳಗೆ ಪ್ರೈಮರ್ ಮತ್ತು ಎರಡು ಕೈ ಎಮಲ್ಷನ್. ಅಷ್ಟರವರೆಗೆ ಬೋಳು ಗೋಡೆ. ಮಗಳ ಕೈಗೆ ಸೀಮೆಸುಣ್ಣ ಕೊಟ್ಟುಬಿಡಿ ಅಂದೆ. ಅಮ್ಮನ ಮುಖ ಸಣ್ಣದಾಯಿತು, ಮಗಳು ಆಗಲೇ ಸೀಮೆಸುಣ್ಣ ಹುಡುಕಲಿಕ್ಕೆ ಓಡಿಯಾಗಿತ್ತು.