ಒಂಬತ್ತು ಗಜದ ಕಟ್ಟುಕಥೆಗಳು

ಇಂಗ್ಲಿಷಿನಲ್ಲಿ ‘ದಿ ಹೋಲ್ ನೈನ್ ಯಾರ್ಡ್ಸ್’ ಅಂತ ಒಂದು ಮಾತಿದೆ. ಒಂದಿಷ್ಟೂ ಬಿಡದೆ ಪೂರ್ತಿಯಾಗಿ, ಅಂತ ಅರ್ಥ. ಯಾವುದರ ಒಂಬತ್ತು ಗಜ ಅಂತ ಕೇಳಿ ನೋಡಿ, ಒಬ್ಬೊಬ್ಬರ ಹತ್ತಿರ ಒಂದೊಂದು ಉತ್ತರ ಸಿಗುತ್ತದೆ. ಅದೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ!

ಜಾಸ್ತಿ ಓಡಾಡುವುದು ಎರಡನೇ ಮಹಾಯುದ್ಧದ ಕಥೆ. ಯುದ್ಧವಿಮಾನದ ಮೆಷಿನ್ ಗನ್ನಿಗೆ ಹಾಕುವ ಗುಂಡಿನ ಪಟ್ಟಿ 27 ಅಡಿ, ಅಂದರೆ ಸರಿಯಾಗಿ 9 ಗಜ ಇತ್ತಂತೆ, ಅದನ್ನು ಪೂರ್ತಿ ಖಾಲಿ ಮಾಡಿದ ಪೈಲಟ್ ಈ ಮಾತು ಹೇಳುತ್ತಿದ್ದನಂತೆ. ಇನ್ನೊಬ್ಬರು ಕಾಂಕ್ರೀಟ್ ಲಾರಿಯಲ್ಲಿ ಹಿಡಿಸುವ ಅಳತೆ ಅನ್ನುತ್ತಾರೆ. ಸ್ಕಾಟ್ಲೆಂಡಿನ ಗಂಡಸರು ಉಡುವ ಲಂಗದಂಥ ಕಿಲ್ಟ್‌ಗೆ ಬೇಕಾದ ಬಟ್ಟೆ ಅನ್ನುವವರೂ ಇದ್ದಾರೆ. ನಮ್ಮವರು ಹಿಂದೆ ಬೀಳುತ್ತಾರಾ? ಅಜ್ಜಿಯರು ಕಚ್ಚೆ ಹಾಕಿ ಉಡುತ್ತಿದ್ದ ಒಂಬತ್ತು ಗಜದ ಸೀರೆಯಿಂದಲೇ ಬಂತು ಅಂತ ಹೆಮ್ಮೆಯಿಂದ ಹೇಳುತ್ತಾರೆ.

ಈ ಮಾತು ಅಚ್ಚಾಗಿದ್ದಕ್ಕೆ ಬಹಳ ಕಾಲ 1960ರ ದಶಕದ ಉದಾಹರಣೆಗಳು ಮಾತ್ರ ಗೊತ್ತಿದ್ದವು. ಹಾಗಾಗಿ ಯುದ್ಧದ ಕಥೆ ನಂಬುವಂತೆಯೇ ಇತ್ತು. ಆಮೇಲೆ ಹಳೇ ಪತ್ರಿಕೆಗಳು ಸ್ಕ್ಯಾನ್ ಆಗಿ ಕಂಪ್ಯೂಟರಿನಲ್ಲಿ ಹುಡುಕಲು ಸಿಕ್ಕವು ನೋಡಿ, ಎಲ್ಲ ಬುಡಮೇಲಾಯಿತು. ಬಾನಿ ಟೇಲರ್-ಬ್ಲೇಕ್ ಮತ್ತು ಯೇಲ್ ವಿಶ್ವವಿದ್ಯಾಲಯದ ಫ್ರೆಡ್ ಶಪೀರೊ ತರಹದವರು ಪಟ್ಟು ಹಿಡಿದು ಹುಡುಕಿದರು. 1912ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಸಣ್ಣ ಪತ್ರಿಕೆಯೊಂದು, ಅಧ್ಯಕ್ಷ ಪದವಿಗೆ ಪೈಪೋಟಿ ನಡೆಸುತ್ತಿದ್ದ ರೂಸ್‌ವೆಲ್ಟ್ ಮತ್ತು ಟಾಫ್ಟ್ ಜಗಳ ಕಾವೇರಿದರೆ ಒಬ್ಬರ ಬಂಡವಾಳ ಇನ್ನೊಬ್ಬರು ಪೂರ್ತಿ ಬಿಚ್ಚುತ್ತಾರೆ ಅಂತ ಬರೆದಿತ್ತು. ಆದರೆ ಅಲ್ಲಿದ್ದದ್ದು ಒಂಬತ್ತು ಗಜ ಅಲ್ಲ, ಆರು ಗಜ! 1921ರಲ್ಲಿ ಸೌತ್ ಕೆರೊಲಿನಾದ ಪತ್ರಿಕೆಯ ತಲೆಬರಹದಲ್ಲೂ ಆರೇ. ಇನ್ನೂ ಹಿಂದೆ ಹೋದರೆ, 1907ರಲ್ಲಿ ಇಂಡಿಯಾನಾದ ಮಿಚೆಲ್ ಅನ್ನುವ ಊರಿನ ಪತ್ರಿಕೆ ಅಲ್ಲಿನ ಬೇಸ್‌ಬಾಲ್ ಪಂದ್ಯದ ಬಗ್ಗೆ ಬರೆಯುತ್ತಾ ‘ಫುಲ್ ನೈನ್ ಯಾರ್ಡ್ಸ್’ ಅಂದಿದೆ. ಮರುವರ್ಷ ಅದೇ ಪತ್ರಿಕೆಯಲ್ಲಿ ಮತ್ತೆ ಬಂತು, ಈ ಸಲ ಮೀನು ಹಿಡಿಯಲು ಹೋಗಿ ಬಂದವನೊಬ್ಬನ ಉದ್ದುದ್ದ ಬಡಾಯಿಯ ಬಗ್ಗೆ.

ರೈಟ್ ಸಹೋದರರು ಮೊದಲು ಹಾರಿದ್ದೇ 1903ರಲ್ಲಿ. 1907ರಲ್ಲಿ ಯಾವ ಪೈಲಟ್, ಯಾವ ಗುಂಡಿನ ಪಟ್ಟಿ?

ನನಗನ್ನಿಸುವುದು, ಇಲ್ಲಿ ಅಳೆಯಲು ಯಾವ ವಸ್ತುವೂ ಇರಲಿಲ್ಲ. ಇದ್ದಿದ್ದರೆ ಆರು, ಒಂಬತ್ತು ಅಂತ ಲೆಕ್ಕ ಹೀಗೆ ಬದಲಾಗುತ್ತಿತ್ತಾ? ಗುಂಡಿನ ಪಟ್ಟಿಯ ಉದ್ದ ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಗುವುದಿಲ್ಲ, ಅಲ್ವಾ? ಸುಮ್ನೆ ‘ಉದ್ದವಾಗಿ, ಪೂರ್ತಿಯಾಗಿ’ ಅನ್ನಲು ಬಾಯಿಗೆ ಬಂದ ಸಂಖ್ಯೆ ಅದು. ಹಳೇ ಉದಾಹರಣೆಗಳಲ್ಲಿ ಹೆಚ್ಚಿನವು ಉದ್ದದ ಕಥೆ ಹೇಳುವುದರ ಬಗ್ಗೆಯೇ ಇವೆ. ಇದು ನನ್ನ ಊಹೆ, ಒಪ್ಪದಿದ್ದರೆ ಜಗಳ ಆಡೋಣ.

ಸೀರೆ ಕಥೆ ಹೇಳುವವರಿಗೆ ಮಾತ್ರ ಒಂದು ಕೋರಿಕೆ. ಆ ಸೀರೆ ಬ್ರಿಟನ್ನನ್ನೂ ದಾಟಿ ಇಂಡಿಯಾನಾದ ಬೇಸ್‌ಬಾಲ್ ಮೈದಾನಕ್ಕೆ ಹೇಗೆ ತಲುಪಿತು ಅನ್ನುವುದನ್ನೂ ಸೇರಿಸಿ ಹೇಳಿ.