ಓದಿಲ್ಲ ಖರೆ, ಆದ್ರ ಒಂದ್ ಮಾತು ಹೇಳ್ತೀನಿ

ನಮ್ಮ ಬಳ್ಳಾರ್ಯಾಗ ಬಿಸಿಲು, ರೋಡಿನ ಧೂಳು, ಎಮ್ಮೆಲ್ಲೆ ಟಿಕೆಟ್ಟು, ಇವುಗಳ ಬಗ್ಗೆ ಮಾತಾಡಾಕ ಯಾರ ಪರ್ಮಿಷನ್ನೂ ಬೇಕಾಗಿಲ್ಲ, ಈಗ ಆ ಲಿಸ್ಟಿಗೆ ‘ಸಂಸ್ಕಾರ’ ಕಾದಂಬರಿನೂ ಸೇರೈತಿ. ಅನಂತಮೂರ್ತಿಯವ್ರು 1965ರಾಗ ತಂದ ಸಣ್ಣ ಪುಸ್ತಕ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಮುಟ್ಟೋದ್ರೊಳಗ ಮುಗಿಸಬಹುದು, ಆದ್ರ ಓದಿದ್ರ ಎಲ್ಲಿ ಅಭಿಪ್ರಾಯ ಕೆಟ್ಟು ಹೋಗತೈತೋ ಅಂತ ನಮ್ಮೋರು ಆ ರಿಸ್ಕ್ ತಗೊಳ್ಳಂಗಿಲ್ಲ.

ಮೊನ್ನೆ ಅದರ ಮ್ಯಾಲ ಒಂದು ಸಂವಾದ ಇತ್ತು. ಸ್ಟೇಜ್ ಮ್ಯಾಲ ಭಾಷಣಕಾರ್ರು, ಕೆಳಗ ಅವರ ಮನಿ ಮಂದಿ. ಸಸಿಗೆ ನೀರು, ಶಾಲು, ಹಾರ ಎಲ್ಲಾ ಆದಮ್ಯಾಲ ರಿಟೈರ್ಡ್ ಲೆಕ್ಚರರ್ ಒಬ್ರು ಮೈಕ್ ಹಿಡದು ಇದು ಪಕ್ಕಾ ಅಸ್ತಿತ್ವವಾದ ಅಂದ್ರು, ಫ್ರಾನ್ಸಿನ ಕಾಮೂ ಅಂದ್ರು, ಸಾರ್ತ್ರ್ ಅಂದ್ರು, ಆ ಹೆಸರೆಲ್ಲಾ ನೆಟ್ಟಗ ಬಂದ್ವು, ಕಥಾನಾಯಕ ಪ್ರಾಣೇಶಾಚಾರ್ಯರಿಗೆ ಮಾತ್ರ ಕಡೀತನಕ ನಾರಣಾಚಾರ್ಯ ಅಂತನೇ ಕರದ್ರು. ಆಚಾರ ಬಿಟ್ಟು ಬಾಳಿ ಸತ್ತ ನಾರಣಪ್ಪನ್ನ, ಅವನ ಹೆಣ ಯಾರು ಸುಡಬೇಕು ಅಂತ ಶಾಸ್ತ್ರದಾಗ ದಾರಿ ಹುಡುಕೋ ಆಚಾರ್ಯರನ್ನ ಒಂದೇ ಮಾಡಿ ದ್ವೈತ ನಂಬೋ ಮಾಧ್ವರ ಅಗ್ರಹಾರದಾಗ ಅದ್ವೈತ ಸಾಧಿಸಿಬಿಟ್ರು ಪುಣ್ಯಾತ್ಮರು.

ಪಕ್ಕದವ್ರು ಎದ್ದು ಇದು ಒಂದು ಜಾತಿನ ಬೈಯಾಕಂತ ಬರದದ್ದು, ಅದೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ್ಯಾಗ ಕುಂತು ಅಂದ್ರು, ಅವರ ಪಕ್ಕದವ್ರು ಬೈದದ್ದು ಸಾಲ್ದು ಅಂದ್ರು. ಇಬ್ರೂ ಓದಿದ್ದು ಒಂದೇ ವಾಟ್ಸಾಪ್ ಫಾರ್ವರ್ಡು, ಒಬ್ರು ‘ರೀಡ್ ಮೋರ್’ ಒತ್ತಿರಲಿಲ್ಲ ಅಷ್ಟೇ. ಇನ್ನೊಬ್ರು 1970ರ ಸಿನಿಮಾ ನೋಡಿದವ್ರು, ಕಾರ್ನಾಡರು ಆಚಾರ್ಯ, ಲಂಕೇಶ್ ನಾರಣಪ್ಪ, ಸಾಹಿತಿ ಸಾಹಿತಿ ಜಗಳಾಡಿದ್ರ ಹಿಂಗೇ ಆಗೋದು ಅಂತ ವಿಮರ್ಶಿ ಮುಗಿಸಿದ್ರು. (ಆ ಸಿನಿಮಾ ಮೊದ್ಲು ಬ್ಯಾನ್ ಆಗಿ ಆಮೇಲೆ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ತಗೊಂತು, ಬ್ಯಾನ್ ಮಾಡಿದ ಮದ್ರಾಸಿನ ಸೆನ್ಸಾರ್‌ನೋರಾದ್ರೂ ಪೂರ್ತಿ ನೋಡಿರಬೇಕು.)

ಪೆಂಡಾಲ್ ಖರ್ಚು ಕೊಟ್ಟ ಜೀನ್ಸ್ ಯೂನಿಟ್ ಸಾಹುಕಾರ್ರದು ಬ್ಯಾರೆನೇ ಪ್ರಶ್ನೆ, “ಅಲ್ರೀ, ವಾಸನಿ ಬರೋತನಕ ಹೆಣ ಇಟ್ಕೊಂಡು ಶಾಸ್ತ್ರ ಯಾಕ ಹುಡುಕ್ತಿದ್ರು, ಪಾಲಿಕಿಗೆ ಒಂದ್ ಫೋನ್ ಹಚ್ಚಿದ್ರ ಗಾಡಿ ಬರ್ತಿತ್ತಲ್ಲ?” ಅವತ್ತು ಅಲ್ಲಿತನಕ ಆದ ಮಾತಿನ್ಯಾಗ ಕಾದಂಬರಿ ಹತ್ರ ಸುಳದದ್ದು ಇದೊಂದೇ ನೋಡ್ರಿ.

ಕಾದಂಬರಿಯೊಳಗಿನ ದೂರ್ವಾಸಪುರದಾಗ ಹೆಣ ಎತ್ತೋತನಕ ಯಾರೂ ಊಟ ಮಾಡಂಗಿಲ್ಲ. ಇಲ್ಲೂ ಅದೇ ರೂಲು, ಅಧ್ಯಕ್ಷರ ಭಾಷಣ ಮುಗಿಯೋತನಕ ಒಗ್ಗಾಣಿ ಪಾತ್ರಿ ಮುಚ್ಚಳ ತೆಗಿಯಂಗಿಲ್ಲ, ಹಿಂದ ಮಿರ್ಚಿ ಎಣ್ಣ್ಯಾಗ ಬೀಳೋ ಚುರ್ ಸಪ್ಪಳ, ಮುಂದ ಅಧ್ಯಕ್ಷರು “ಇನ್ನೆರಡೇ ಮಾತು” ಅಂತ ನಾಕನೇ ಸಲ ಹೇಳಾಕತ್ತಾರ, ಹುಡುಗ್ರು ಕೈ ತೊಳ್ಕೊಂಡು ಬಂದು ಒಣಗಿಸ್ಕೊಂತ ಕುಂತಾವ. ಅಲ್ಲಿ ನಾರಣಪ್ಪನ ಜೋಡಿ ಬಾಳಿದ ಚಂದ್ರಿ ಮೈಮ್ಯಾಲಿನ ಬಂಗಾರ ಬಿಚ್ಚಿಟ್ಟಕೂಡ್ಲೆ ಶಾಸ್ತ್ರಕ್ಕ ದಾರಿ ಕಾಣಾಕ ಹತ್ತತೈತಿ, ಇಲ್ಲಿ ಗೌರವಧನದ ಕವರ್ ಅನೌನ್ಸ್ ಆದಕೂಡ್ಲೆ ಬೈದವ್ರೆಲ್ಲ “ಆದ್ರೂ ಮಹತ್ವದ ಕೃತಿ” ಅನ್ನಾಕ ಹತ್ತಿದ್ರು.

ಆಮೇಲೆ ಕ್ಲೈಮ್ಯಾಕ್ಸ್ ಜಗಳ. ಆಚಾರ್ಯರು ಊರಿಗೆ ವಾಪಸ್ ಮುಟ್ಟಿ ಚಂದ್ರಿ ಜೋಡಿ ಆದದ್ದೆಲ್ಲಾ ಒಪ್ಕೊಂಡ್ರೋ ಇಲ್ಲೋ? ಅನಂತಮೂರ್ತಿ ಅವರನ್ನ ಗಾಡ್ಯಾಗ ಕುಂದ್ರಿಸಿ ದಾರ್ಯಾಗೇ ಬಿಟ್ಟಾರ, ನಮ್ಮೋರು ಬಿಡ್ತಾರೇನು, ಮುಟ್ಟಿದ್ರು ಅನ್ನೋ ಪಾರ್ಟಿ ಒಂದು, ಇಲ್ಲ ಅನ್ನೋ ಪಾರ್ಟಿ ಒಂದು, ಇಬ್ರಿಗೂ ಪುರಾವೆ ಕೇಳಬ್ಯಾಡ್ರಿ.

ಕೊನಿ ಸಾಲಿನ್ಯಾಗ ಅಕ್ಕಾರೊಬ್ರು ಪುಸ್ತಕ ಹಿಡ್ಕೊಂಡೇ ಕುಂತಿದ್ರು, ಪೆನ್ಸಿಲ್ ಗೀಟು ಎಳದದ್ದು, ಬಸ್ ಟಿಕೆಟ್ ಗುರ್ತಿಗೆ ಇಟ್ಟದ್ದು. ಅವ್ರು ಎದ್ದು, “ಸರ್, ಹೆಣ ಯಾರು ಸುಡಬೇಕು ಅಂತ ಇಷ್ಟೊತ್ತು ಜಗಳಾಡಿದ್ರಿ, ಚಂದ್ರಿ ಅಹಮದ್ ಬ್ಯಾರಿ ಗಾಡಿ ತರಿಸಿ ರಾತ್ರೋರಾತ್ರಿ ಸುಟ್ಟೇಬಿಟ್ಲಲ್ರೀ, ಅಗ್ರಹಾರದವ್ರು ಅದು ಗೊತ್ತಿಲ್ದ ಕೈಮರ ಅನ್ನೋ ಊರು, ಮಠ ಅಂತ ಕೇಳ್ಕೊಂತ ತಿರಗ್ತಾರ” ಅಂದ್ರು.

ನಿರೂಪಕರು ಗಡಬಡಿಸಿ ಮೈಕ್ ಕಸ್ಗೊಂಡ್ರು. “ಮೇಡಂ, ದಯವಿಟ್ಟು ಕತಿ ಹೇಳಬ್ಯಾಡ್ರಿ, ಸ್ಟೇಜ್ ಮ್ಯಾಲಿರೋ ಗಣ್ಯರು ಇನ್ನೂ ಓದಬೇಕು ಅಂತ ಇಟ್ಕೊಂಡಾರ.”

ಮುಂದಿನ ತಿಂಗಳಿಗೆ ಇದಕ್ಕಿಂತ ದಪ್ಪನ ಕಾದಂಬರಿ ಆರಿಸ್ಯಾರ, ಮಾತಾಡೋರ ಲಿಸ್ಟು ಈಗ್ಲೇ ಫುಲ್ಲು. ಪುಸ್ತಕ ಎಲ್ಲಿ ಸಿಗತೈತಿ ಅಂತ ಕೇಳಿದ್ದು ಆ ಅಕ್ಕಾರೊಬ್ರೇ, ಅವರ ಹೆಸರು ಲಿಸ್ಟಿನ್ಯಾಗ ಇಲ್ಲ.